ಕಿಟಕಿಯಿಲ್ಲದವರ ಸ್ಲೈಡ್

ಊರು ಬಿಟ್ಟು ದುಡಿಯಲು ಬಂದಿದ್ದ ದಾಬೋಲಿಮ್‌ನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದಕ್ಕೆ ನಾನು ಅಲ್ಯೂಮಿನಿಯಂ ಕಿಟಕಿ ಕೂರಿಸುತ್ತಿದ್ದೆ. ಪಕ್ಕಕ್ಕೆ ಜಾರುವ ಕಿಟಕಿ. ನಾವೆಲ್ಲ ಅದಕ್ಕೆ ಸ್ಲೈಡ್ ಎನ್ನುತ್ತಿದ್ದೆವು. ನನಗೆ ಬರುತ್ತಿದ್ದ ಇಂಗ್ಲಿಷ್ ಹೆಚ್ಚುಕಡಿಮೆ ಅಷ್ಟೇ.

ಒಂದು ದಿನ ಸೂಪರ್‌ವೈಸರ್ ಫೋನ್ ಮಾಡಿ, "ನಾಳೆ ಮುಂಜಾನೆ ದವಾಖಾನಿಗೆ ಹೋಗಿ ಸ್ಲೈಡ್ ಕೊಟ್ಟು ಬಾ" ಎಂದ. ದವಾಖಾನೆಯ ಕಿಟಕಿ ಕೆಲಸ ಸಿಕ್ಕಿತೆಂದು ಹಿಗ್ಗಿ, ಮಾದರಿಗೆ ಪುಟ್ಟದೊಂದು ಕಿಟಕಿಯನ್ನು ಹೆಗಲ ಮೇಲೆ ಹೊತ್ತು ಬಸ್ ಹತ್ತಿದೆ.

ಅಲ್ಲಿನ ನರ್ಸ್ ನಮ್ಮ ಧಾರವಾಡ ಕಡೆಯವರು. "ಇದೇನ್ರಿ ತಂದೀರಿ?"

"ಸ್ಲೈಡ್ ರೀ. ಕೊಟ್ಟು ಬಾ ಅಂದಾರ."

"ಅಯ್ಯ, ಮಲೇರಿಯಾ ಸ್ಲೈಡ್ ರೀ ಅದು! ಬಟ್ಟ ಮುಂದ ಮಾಡ್ರಿ."

ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ತುಂಡಿಗೆ ಸವರಿದರು. ಅದೂ ಸ್ಲೈಡಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಿಟಕಿ ಹೊತ್ತು ತಿರುಗಿ ಬಂದೆ.

ನನ್ನ ರಕ್ತದಲ್ಲಿ ಏನೂ ಇರಲಿಲ್ಲ. ಆದರೆ ಕೆಲಸಗಾರರಿಗೆಂದು ಕಂಪನಿ ಕಟ್ಟಿದ್ದ ನಮ್ಮ ಸಾಲು ಖೋಲಿಗಳಲ್ಲಿ ಐದು ಜನರಿಗೆ ಮಲೇರಿಯಾ ಎಂದಾಯಿತು. ಕಂಪನಿಯವರು ಗಾಬರಿಯಾಗಿ ಸಭೆ ಕರೆದರು. ಲ್ಯಾಪ್‌ಟಾಪ್ ಹಿಡಿದು ಬಂದ ಸಾಹೇಬರು ಗೋಡೆಯ ಮೇಲೆ ಬೆಳಕು ಬಿಟ್ಟು, "ಫಸ್ಟ್ ಸ್ಲೈಡ್" ಎಂದರು. ನಾನು ತಕ್ಷಣ ಬೆರಳು ಮಡಚಿ ಮುಷ್ಟಿ ಕಟ್ಟಿದೆ. ಸೂಜಿ ಬರಲಿಲ್ಲ, ಚಿತ್ರ ಬಂತು. ಮನೆಯ ಕಿಟಕಿಗಳಿಗೆ ಸೊಳ್ಳೆ ಪರದೆ ಹಾಕಿಸಿ ಎಂದು ಸಾಹೇಬರು ಹಿಂದಿಯಲ್ಲಿ ಬುದ್ಧಿ ಹೇಳಿದರು.

ನಾನು ಎದ್ದು ನಿಂತೆ. "ಪರದಿ ಹಾಕ್ತೀವ್ರಿ. ಆದ್ರ ನಮ್ಮ ತಗಡಿನ ಖೋಲಿಗೆ ಕಿಡಕೀನ ಇಲ್ಲಲ್ರಿ?"

ಸೂಪರ್‌ವೈಸರ್ ಅದನ್ನು ಹಿಂದಿಯಲ್ಲಿ ಒಪ್ಪಿಸಿದ. ಸಾಹೇಬರು ಕ್ಷಣಕಾಲ ಗಂಭೀರವಾಗಿ ಯೋಚಿಸಿ, "ನೆಕ್ಸ್ಟ್ ಸ್ಲೈಡ್" ಎಂದರು.

ಆ ಭಾನುವಾರ ಸಿಟ್ಟಿನಲ್ಲೇ ನಮ್ಮ ಖೋಲಿಯ ತಗಡು ಕತ್ತರಿಸಿ, ಕೆಲಸದಲ್ಲಿ ಉಳಿದ ತುಂಡುಗಳನ್ನು ಜೋಡಿಸಿ, ಪರದೆಯ ಸಮೇತ ಒಂದು ಕಿಟಕಿ ಕೂರಿಸಿದೆ. ಸೂಪರ್‌ವೈಸರ್ ಬಂದು ನೋಡಿದ. ಬೈಯಲಿಲ್ಲ, ಫೋಟೋ ಹೊಡೆದುಕೊಂಡು ಹೋದ.

ಮುಂದಿನ ಸಭೆಯಲ್ಲಿ ಗೋಡೆಯ ಮೇಲೆ ನಮ್ಮ ಖೋಲಿ! ಕಿಟಕಿಯ ಹಿಂದೆ ತಲೆ ಬಾಚಿಕೊಳ್ಳುತ್ತಿದ್ದ ನನ್ನ ಹೆಂಡತಿ. ಎಲ್ಲ ಕಾರ್ಮಿಕರಿಗೂ ಕಂಪನಿ ಕಿಟಕಿ ಕೊಟ್ಟಿದೆ ಎಂದರು ಸಾಹೇಬರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಸಭೆ ಮುಗಿದ ಮೇಲೆ ಸೂಪರ್‌ವೈಸರನನ್ನು ಹಿಡಿದುಕೊಂಡೆ. "ಎಲ್ಲಾರಿಗೂ ಕೊಟ್ಟೀವಿ ಅಂದ್ರಲ್ರಿ ಸಾಹೇಬ್ರು. ಇನ್ನೂ ಎಂಟು ಖೋಲಿ ಉಳದಾವು. ಸಾಮಾನ ಯಾವಾಗ ಕೊಡ್ತೀರಿ?"

ಗೋಡೆಯ ಮೇಲೆ ತೋರಿಸಿದ್ದನ್ನು ಸುಳ್ಳೆನ್ನಲು ಅವನಿಗೆ ಧೈರ್ಯವಿರಲಿಲ್ಲ; ಸಾಮಾನು ಕೊಡಿಸಿದ. ಮಳೆಗಾಲದೊಳಗೆ ಎಂಟೂ ಖೋಲಿಗೆ ಕಿಟಕಿ ಕೂರಿಸಿದೆ. ಹೆಂಡತಿ ಮಾತ್ರ ಇವತ್ತಿಗೂ ಬೈಯುತ್ತಾಳೆ: "ನಾ ಜಡಿ ಹಾಕ್ಕೊಳ್ಳೋತನಕ ತಡೀಬಾರ್ದೇನು ಆ ಫೋಟೋದಾಂವ?"