ಹಗ್ಗಕ್ಕೆ ಜಾಗ

ನನ್ನ ಅಮ್ಮ ಲೆಕ್ಕದ ಟೀಚರು, ಸಿರುಮುಗೈಯ ನೇಕಾರರ ಮನೆಯ ಮಗಳು, ಮಹಾ ಹಟಮಾರಿ. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ ಅವಳು ಶಾಲೆಯ ಕಂಪ್ಯೂಟರನ್ನು ಕೇಳಿ ಪಡೆದು, ಆರ್.ಎಸ್. ಪುರಂನ ನಮ್ಮ ಮನೆಗೆ ತಂದು ಟಿ.ವಿ.ಗೆ ಜೋಡಿಸಿದಳು. ಶಾಲೆ ತೆರೆಯುವ ದಿನ ಅದು ವಾಪಸ್ ಹೋಗಬೇಕು. ಅಷ್ಟರೊಳಗೆ ತನ್ನದೇ ಒಂದು ಕಥೆಯ ಆಟ ಬರೆದು ಮುಗಿಸುತ್ತೇನೆಂದು ಅವಳ ಹಟ. ವಾರ್ತೆ ನೋಡಲು ಅಪ್ಪ ಪಕ್ಕದ ಮನೆಗೆ ಹೋಗುತ್ತಿದ್ದರು. ಒಂದು ದಿನವೂ ಗೊಣಗಲಿಲ್ಲ.

ಆಟದಲ್ಲಿ ಒಬ್ಬ ನೇಕಾರ ಹೆಂಗಸು. ಯಾರೂ ನೇಯದ ಸೆರಗೊಂದನ್ನು ನೇಯುವ ಆಸೆ ಅವಳಿಗೆ. ತೊಟ್ಟಿಲಲ್ಲಿ ಮಗು. ಮಗು ಅತ್ತಾಗ ಪರದೆ ಕೇಳುತ್ತದೆ: ಒಂದು ಒತ್ತಿದರೆ ತೊಟ್ಟಿಲು, ಎರಡು ಒತ್ತಿದರೆ ಮಗ್ಗ. ತೊಟ್ಟಿಲಿಗೆ ಹೋದರೆ ಸೆರಗು ಮುಗಿಯದು. ಮಗ್ಗದಲ್ಲೇ ಕುಳಿತರೆ ಮಗುವಿಗೆ ಜ್ವರ. ಮಾತೆಲ್ಲ ನಮ್ಮ ಮನೆಯ ಕನ್ನಡ, ಅಕ್ಷರ ಮಾತ್ರ ಇಂಗ್ಲಿಷಿನದು. ಕನ್ನಡ ಲಿಪಿ ಆ ಯಂತ್ರಕ್ಕೂ ಗೊತ್ತಿರಲಿಲ್ಲ, ತಮಿಳುನಾಡಿನಲ್ಲೇ ಹುಟ್ಟಿ ಓದಿದ ನಮಗೂ ಗೊತ್ತಿರಲಿಲ್ಲ; ನಾನು ಕಲಿತದ್ದು ಬಹಳ ಆಮೇಲೆ.

ಆ ಜ್ವರ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ರಜೆಯ ಮೊದಲ ವಾರ ನಾನು ಮೈ ಸುಡುತ್ತಾ ಮಲಗಿದ್ದೆ. ಟೈಪು ಮಾಡುತ್ತಿದ್ದ ಅಮ್ಮ ಮಧ್ಯಾಹ್ನದವರೆಗೂ ಗಮನಿಸಿರಲಿಲ್ಲ. ಆಮೇಲೆ ಮೂರು ದಿನ ಅವಳು ಯಂತ್ರ ಮುಟ್ಟಲಿಲ್ಲ. ನಾಲ್ಕನೆಯ ದಿನ ಕುಳಿತು ಮೊದಲು ಬರೆದದ್ದೇ ಆ ಜ್ವರ. ತನ್ನ ತಪ್ಪನ್ನು ಹಾಗೆ ಟಿ.ವಿ. ಪರದೆಯ ಮೇಲೆ ಬರೆದಿಡುವ ಧೈರ್ಯ ನನಗಂತೂ ಇವತ್ತಿಗೂ ಇಲ್ಲ.

ಶಾಲೆ ತೆರೆಯಲು ಎರಡು ದಿನವಿದ್ದಾಗ ಸಿರುಮುಗೈಯಿಂದ ಅಜ್ಜಿ ಬಂದಳು. ಅಮ್ಮನ ಅಮ್ಮ, ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಜೀವಮಾನವೆಲ್ಲ ರೇಷ್ಮೆ ನೇಯ್ದವಳು. ಅವಳಿಗೆ ಓದಲು ಬಾರದು. ನಾನು ಓದಿ ಹೇಳಿದೆ, ಅವಳು ಆಡಿದಳು. ಆಟದ ಮಗು ಅತ್ತಿತು.

“ಒಂದಾ, ಎರಡಾ ಅಜ್ಜಿ?”

“ಎರಡೂ ಬೇಡ ನನ್ ಕಣ್ಣು. ಹಗ್ಗ ಎಲ್ಲೈತೆ?”

“ಯಾವ ಹಗ್ಗ ಅವ್ವಾ?” ಎಂದಳು ಅಮ್ಮ.

“ತೊಟ್ಲು ಹಗ್ಗ. ಕಾಲ್ಬೆರಳಿಗೆ ಕಟ್ಕೊಂಡ್ರೆ ಮಗ್ಗ ತುಳಿಯೋವಾಗ ತೊಟ್ಲೂ ತಾನೇ ಆಡ್ತದೆ. ಸೆರಗು ಒಂದಿನ ತಡ ಆಯ್ತದೆ, ಅಷ್ಟೇ. ನೀನು ಅಂಗೇ ತಾನೇ ಬೆಳ್ದಿದ್ದು? ಇಷ್ಟು ಓದಿ ಅದ ಮರ್ತುಟ್ಯಾ?”

ಹಾವೂ ಸಾಯದ, ಕೋಲೂ ಮುರಿಯದ ಉಪಾಯ. ಅಮ್ಮ ನಗಲು ಹೋಗಿ ಅತ್ತುಬಿಟ್ಟಳು. ಅಜ್ಜಿ ಏನೂ ಆಗಿಲ್ಲವೆಂಬಂತೆ ಕಾಫಿ ಕೇಳಿದಳು.

ಮರುದಿನ ಅಮ್ಮ ಮೂರನೆಯ ದಾರಿ ಬರೆಯಲು ಕುಳಿತಳು. ಅರ್ಧಕ್ಕೇ ಯಂತ್ರದ ಮೆಮೊರಿ ತುಂಬಿತು. ಇನ್ನೊಂದು ಅಕ್ಷರಕ್ಕೂ ಜಾಗವಿಲ್ಲ. ಏನನ್ನಾದರೂ ತೆಗೆಯಲೇಬೇಕು. ಅವಳು ಸಾಲುಗಳನ್ನೆಲ್ಲ ಮೇಲಿಂದ ಕೆಳಗೆ ಓದಿದಳು. ಜ್ವರದ ಸಾಲುಗಳೇ ಎಲ್ಲಕ್ಕಿಂತ ಹೆಚ್ಚಿದ್ದವು. ನನ್ನ ಕಡೆ ತಿರುಗಿದಳು.

“ಇದ ಅಳ್ಸಲಾ ಕಣ್ಣು?”

ಅಮ್ಮ ನನ್ನ ಅಪ್ಪಣೆ ಕೇಳಿದ್ದು ಅದೊಂದೇ ಸಲ.

“ಅಳ್ಸಮ್ಮ,” ಎಂದೆ.

ಅವಳು ಒಂದೊಂದೇ ಸಾಲು ಅಳಿಸಿದಳು. ಸಂಜೆಯೊಳಗೆ ಆಟದಲ್ಲಿ ಹಗ್ಗ ಬಂತು, ಸೆರಗು ಒಂದು ದಿನ ತಡವಾಗಿ ಮುಗಿಯಿತು.