ಆಮಸೂಲ ಬಣ್ಣದ ಸೀಟು

ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ರಸ್ತೆಯ ಬದಿಗೆ, ಪಂಕ್ಚರ್ ಅಂಗಡಿಯೊಂದಕ್ಕೆ ಬೆನ್ನು ಹಚ್ಚಿಕೊಂಡು ದುಂಡಪ್ಪನ ಸೀಟ್ ಕವರ್ ಅಂಗಡಿಯಿದೆ. ಬೋರ್ಡಿನ ಮೇಲಿರುವುದು ದುಂಡಪ್ಪನ ಹೆಸರೇ. ಆದರೆ ಈಗೀಗ ಕಾರು ತಂದು ನಿಲ್ಲಿಸುವವರಲ್ಲಿ ಅರ್ಧಕ್ಕರ್ಧ ಜನ ಒಳಗೆ ಕಾಲಿಟ್ಟವರೇ "ಅಕ್ಕಾರು ಅದಾರೇನ್ರೀ?" ಎಂದು ಕೇಳುತ್ತಾರೆ. ಅಕ್ಕಾರು ಅಂದರೆ ದುಂಡಪ್ಪನ ಹೆಂಡತಿ ಶಿವಬಸವ್ವ.

ಪಾರಿಶ್ವಾಡದ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಶಿವಬಸವ್ವ, ಮದುವೆಯಾಗಿ ಬೆಳಗಾವಿಗೆ ಬಂದವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಗಂಡ ರೆಕ್ಸಿನ್ ಅಳೆದು ಕತ್ತರಿಸಿಕೊಡುವುದು, ಇವಳು ಹೊಲಿಯುವುದು; ನಾಜೂಕಾದ ಕೈಹೊಲಿಗೆ ಮಾತ್ರ ಗಂಡನದೇ. ಹಾಗೇ ವರ್ಷಗಳು ಕಳೆದವು. ಮಕ್ಕಳು ದೊಡ್ಡವರಾದರು. ಅಷ್ಟರಲ್ಲಿ ಹೊಸ ಕಾರುಗಳಿಗೆಲ್ಲ ಶೋರೂಮಿನಲ್ಲೇ ಕವರ್ ಹಾಕಿ ಕೊಡುವ ಕಾಲ ಬಂತು. ದುಂಡಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗುವ ಬರುವ ಗಾಡಿ ನೋಡುವುದು ಹೆಚ್ಚಾಯಿತು.

ಆ ದಿನಗಳಲ್ಲೇ ಮೇಘಾ ಬಂದಳು. ಖಾನಾಪುರದ ಹುಡುಗಿ, ಬೆಳಗಾವಿಯ ನೆಹರು ನಗರದಲ್ಲಿ ನರ್ಸ್. ಯಾರೋ ಓಡಿಸಿ ಬಿಟ್ಟ ಹಳೆಯ ಕಾರೊಂದನ್ನು ಕೊಂಡಿದ್ದಳು. ಹೊರಗೆ ಚೆನ್ನಾಗಿಯೇ ಇತ್ತು. ಒಳಗೆ ಮಾತ್ರ ಬಾಗಿಲಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಳಿಚಿಕೊಂಡು, ಡ್ಯಾಶ್‌ಬೋರ್ಡಿನ ತುಂಬ ಕಲೆಯೆದ್ದು, ಹಿಡಿಕೆಗಳ ಬಣ್ಣ ಕಿತ್ತುಹೋಗಿ, ಕೂತವರಿಗೆ ಮನಸ್ಸು ಮುದುಡುವಂತಿತ್ತು.

"ಸೀಟಿಗಾದ್ರ ಕವರ್ ಹಾಕ್ತೀನ್ರಿ. ಪ್ಲಾಸ್ಟಿಕ್ಕಿಗೆ ನಾ ಏನ್ ಮಾಡ್ಲಿ?" ಎಂದ ದುಂಡಪ್ಪ.

ಯಂತ್ರದ ಹಿಂದಿನಿಂದ ಶಿವಬಸವ್ವನ ದನಿ ಬಂತು. "ಸ್ವಲ್ಪ ದಿವಸ ಬಿಟ್ಟು ಬರ್ರಿ. ಬಣ್ಣ ಹಚ್ಚಿ ಕೊಡ್ತೀನಿ."

ದುಂಡಪ್ಪ ತಿರುಗಿ ನೋಡಿದ. ಆ ಮಾತು ಎಲ್ಲಿಂದ ಬಂತೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಆಡಿದ ಮೇಲೆ ಹಿಂತೆಗೆದುಕೊಳ್ಳುವ ಜಾಯಮಾನ ಅವಳದಲ್ಲ. ಬಣ್ಣದ ವಿಷಯದಲ್ಲಿ ಅವಳಿಗೆ ಮೊದಲಿನಿಂದಲೂ ಧೈರ್ಯ. ತವರಿನಲ್ಲಿ ದೀಪಾವಳಿಗೆ ಓಣಿಯವರೆಲ್ಲ ಗೋಡೆಯ ಸುಣ್ಣಕ್ಕೆ ಬಣ್ಣ ಕಲೆಸಲು ಅವಳನ್ನೇ ಕರೆಯುತ್ತಿದ್ದರು.

ಮರುದಿನವೇ ಗುಜರಿಯಿಂದ ಹಳೆಯ ಕಾರಿನ ಬಾಗಿಲಿನ ಪ್ಲಾಸ್ಟಿಕ್ ತರಿಸಿದಳು. ಕಿಟಕಿಯ ಸರಳಿಗೆ ಹಚ್ಚುವ ಎಣ್ಣೆಬಣ್ಣ ಬಳಿದಳು. ಬೆಳಗಾಗುವಷ್ಟರಲ್ಲಿ ಅದು ಹಾಲಿನ ಕೆನೆಯ ಹಾಗೆ ಎದ್ದು ಬಂತು. ದುಂಡಪ್ಪ ಹೊಟ್ಟೆ ಹಿಡಿದು ನಕ್ಕ. ಅವಳು ಬಣ್ಣದ ಅಂಗಡಿಗೆ ಹೋಗಿ ಕೇಳಿಕೊಂಡು, ಬಣ್ಣಕ್ಕೆ ಮೊದಲು ಹೊಡೆಯಲು ಪ್ಲಾಸ್ಟಿಕ್ಕಿಗೇ ಬೇರೆ ಅಸ್ತರು, ಸೀಟಿನ ರೆಕ್ಸಿನ್ನಿನಂಥ ವಿನೈಲಿಗೇ ಬೇರೆ ಬಣ್ಣ ಇರುತ್ತದೆಂದು ತಿಳಿದುಕೊಂಡು ಬಂದಳು. ಈ ಸಲ ಬಣ್ಣ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಸರಿಯಿತು. ಫಳಫಳ ಹೊಳೆಯಲೆಂದು ಹಿಂದಿನ ಮಾಲಕರು ಒರೆಸಿದ್ದ ಪಾಲಿಶಿನ ಜಿಡ್ಡು ಇನ್ನೂ ಅದರಲ್ಲೇ ಕೂತಿತ್ತು. ಆಗ ಶಿವಬಸವ್ವನಿಗೆ ಕೆಲಸದ ಗುಟ್ಟು ಸಿಕ್ಕಿತು. ಸಾಬೂನು ನೀರಿನಲ್ಲಿ ಬ್ರಷ್ ಅದ್ದಿ, ಗೆರೆಗೆರೆಯ ಸಂದಿಯನ್ನೂ ಬಿಡದೆ ತಿಕ್ಕಿದಳು. ತೊಳೆದ ನೀರು ತಿಳಿಯಾಗುವವರೆಗೂ ತೊಳೆದಳು. ಸ್ಪಿರಿಟ್ಟಿನಿಂದ ಒರೆಸಿ, ಅಸ್ತರು ಹೊಡೆದು, ಆಮೇಲೆ ಇಬ್ಬನಿ ಬಿದ್ದ ಹಾಗೆ ತೆಳ್ಳಗೆ ಬಣ್ಣ ಹಾಯಿಸಿದಳು. ಅದು ಒಣಗಿದ ಮೇಲೆ ಇನ್ನೊಂದು ಪದರ. ಈ ಸಲ ಉಗುರಿನಿಂದ ಕೆರೆದರೂ ಬಣ್ಣ ಜಗ್ಗಲಿಲ್ಲ. ಆಮೇಲೆ ಮೇಘಾಳ ಕಾರು ತರಿಸಿಕೊಂಡು ಅದಕ್ಕೂ ಹಾಗೆಯೇ ಬಣ್ಣ ಹಚ್ಚಿದಳು.

ಮೇಘಾ ಬಂದು ಬಾಗಿಲು ತೆಗೆದವಳು, ಕೈಯಾಡಿಸಿ, "ಅಕ್ಕಾ, ಹೊಸಾದು ಹಾಕೀರಿ ಹೌದಲ್ಲ?" ಎಂದು ಕೇಳಿದಳು.

"ನಿಮ್ಮದ ಐತಿ. ಮಾರಿ ತೊಳ್ಕೊಂಡೈತಿ ಅಷ್ಟ," ಎಂದಳು ಶಿವಬಸವ್ವ.

ಅಲ್ಲಿಂದ ಒಬ್ಬರ ಬಾಯಿಂದ ಒಬ್ಬರಿಗೆ ಸುದ್ದಿ ಹೋಯಿತು. ಪ್ಲಾಸ್ಟಿಕ್ಕಿನ ಜತೆಗೆ ವಿನೈಲ್ ಸೀಟುಗಳೂ ಬರತೊಡಗಿದವು. ದುಂಡಪ್ಪನ ನಗು ಅಲ್ಲಿಗೆ ನಿಂತಿತು.

"ನೀ ಹಳೀ ಸೀಟಿಗೆ ಬಣ್ಣಾ ಹಚ್ಚಿ ಕೊಟ್ರ ನನ್ನ ಕವರ್ ಯಾರ್ ತಗೋತಾರ?" ಎಂದು ಒಂದು ದಿನ ರೇಗಿದ.

"ಕವರ್ ಬೇಕಾದವ್ರು ನಿಮ್ಮ ಕಡಿ, ಬ್ಯಾಡಾದವ್ರು ನನ್ನ ಕಡಿ. ಎಲ್ಲಾರೂ ನಮ್ಮ ಅಂಗಡೀಗೇ ಬರ್ತಾರಲ್ಲ?"

ಅವನಿಗೆ ಆ ಲೆಕ್ಕ ಹಿಡಿಸಲಿಲ್ಲ. ರೆಕ್ಸಿನ್ ಸುರುಳಿಗಳನ್ನು ಅಂಗಡಿಯ ನಡುವೆ ಗೋಡೆಯ ಹಾಗೆ ಸಾಲಾಗಿ ನಿಲ್ಲಿಸಿಬಿಟ್ಟ. ಅತ್ತ ಅವನು, ಇತ್ತ ಅವಳು. ಮನೆಯಲ್ಲಿ ಊಟಕ್ಕೆ ಕೂತಾಗ ಒಂದೇ ತಾಟಿನ ರೊಟ್ಟಿ ಮುರಿಯುತ್ತಿದ್ದವರು, ಅಂಗಡಿಯಲ್ಲಿ ಮಾತ್ರ ಬೇರೆ ಬೇರೆ ವ್ಯಾಪಾರಸ್ಥರಂತೆ ಇದ್ದರು.

ಮಳೆಗಾಲ ಹಿಡಿದಿತ್ತು. ಖಾನಾಪುರದಿಂದ ಚಂಪಾಬಾಯಿ ಎಂಬ ಹೆಂಗಸು ಬಸ್ಸಿಗೆ ಬಂದಳು. ಮೇಘಾಳ ತವರುಮನೆಯ ನೆರೆಯವಳು. ಜೈನರ ಮನೆತನ, ಗೋಡಂಬಿಯ ವ್ಯಾಪಾರ. ವಯಸ್ಸು ಎಪ್ಪತ್ತರ ಹತ್ತಿರ. ಹರೆಯದಲ್ಲಿ ಗಂಡನ ಪಕ್ಕ ಕೂತು ಕಲಿತು, ಖಾನಾಪುರದ ಪೇಟೆಯಲ್ಲಿ ಫಿಯಾಟ್ ಕಾರು ಓಡಿಸಿಕೊಂಡು ಓಡಾಡಿದವಳು. ಕಾರು ಈಗಲೂ ಇತ್ತು, ಅವಳು ಈಗಲೂ ಓಡಿಸುತ್ತಿದ್ದಳು.

ದುಂಡಪ್ಪ ಲಗುಬಗೆಯಿಂದ ಎದ್ದು ಕವರಿನ ತುಂಡುಗಳನ್ನು ಹರವಿದ. ಚಂಪಾಬಾಯಿ ಕೈಯಡ್ಡ ಮಾಡಿದಳು.

"ಹಳೀ ಸೀರಿ ಮಾಸೇತಿ ಅಂತ ಅದರ ಮ್ಯಾಲ ಇನ್ನೊಂದು ಸೀರಿ ಉಡೂದಿಲ್ರಿ ನಾ. ಇದ್ದದ್ದನ್ನ ಚಂದ ಮಾಡಾವ್ರು ಯಾರದಾರ ಹೇಳ್ರಿ."

ಅವಳ ಕಷ್ಟವೇ ಬೇರೆ. ಬಿಸಿಲಿಗೆ ಸೀಟಿನ ವಿನೈಲ್ ಪುಡಿಪುಡಿಯಾಗಿ, ಬಸದಿಗೆ ಹೊರಟವರ ಬಿಳಿ ಬಟ್ಟೆಗೆಲ್ಲ ಕರಿ ಹೊಟ್ಟು ಮೆತ್ತಿಕೊಳ್ಳುತ್ತಿತ್ತು. ಮಗ ಪಾರ್ಶ್ವ ಆ ಕಾರಿನಲ್ಲಿ ಕೂರುವುದನ್ನೇ ಬಿಟ್ಟಿದ್ದ. "ಏಕದಮ್ ಗುಜರಿಗೆ ಹಾಕೂಣು ಅಂತಾನ. ಎಂಜಿನ್ ಗಟ್ಟಿ ಐತಿ, ನಾನೂ ಗಟ್ಟಿ ಅದೀನಿ. ಯಾಕ್ ಹಾಕ್ಲಿ?" ಎಂದಳು ಚಂಪಾಬಾಯಿ.

ಶಿವಬಸವ್ವನಿಗೆ ಆ ಹೆಂಗಸು ಬಹಳ ಹಿಡಿಸಿದಳು.

ಮಳೆಯಲ್ಲಿ ಕಾರು ತರುವುದು ಬೇಡವೆಂದು ಶಿವಬಸವ್ವನೇ ಸಾಮಾನು ಕಟ್ಟಿಕೊಂಡು ಖಾನಾಪುರಕ್ಕೆ ಹೋದಳು. ಗೋಡಂಬಿ ಮೂಟೆಗಳ ಗೋದಾಮಿನ ಖಾಲಿ ಮೂಲೆಯಲ್ಲಿ ಕಾರು ನಿಂತಿತ್ತು. ಸೀಟು, ಬಾಗಿಲಿನ ಹಲಗೆ, ಡ್ಯಾಶ್‌ಬೋರ್ಡಿನ ಮೇಲುಹಾಸು ಎಲ್ಲವನ್ನೂ ಬಿಚ್ಚಿ ಇಳಿಸಿಕೊಂಡಳು. ಪುಡಿಯಾದದ್ದು ಮೇಲಿನ ಪೊರೆ ಮಾತ್ರ. ಅದನ್ನು ಉಜ್ಜಿ ತೆಗೆದರೆ ಕೆಳಗೆ ಗಟ್ಟಿಯಾದ ವಿನೈಲಿತ್ತು. ಮೊದಲಿನ ಬಣ್ಣ ಯಾವುದೆಂದು ಈಗ ಹೇಳುವಂತಿರಲಿಲ್ಲ. ಸೀಟನ್ನು ಮಗುಚಿ, ಬಿಸಿಲು ಕಾಣದ ಹಿಂಬದಿಯ ಮಡಿಕೆ ಬಿಡಿಸಿದಾಗ ಅದು ಸಿಕ್ಕಿತು. ಕಪ್ಪಿಗೆ ಹತ್ತಿರದ ಆಳವಾದ ಕೆಂಪು.

ಚಂಪಾಬಾಯಿ ಬಗ್ಗಿ ನೋಡಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. "ಅದಾ! ಆಮಸೂಲ ನೀರಾಗ ನೆನಿ ಹಾಕಿದಂಗ ಇತ್ತಲ್ಲಾ, ಅದಾ!"

ಆಮಸೂಲ, ಅಂದರೆ ಮುರುಗಲ ಹಣ್ಣಿನ ಒಣಗಿದ ಸಿಪ್ಪೆ, ನೀರುಂಡಾಗ ಬಿಡುವ ಬಣ್ಣವೇ ಸರಿ. ಶಿವಬಸವ್ವ ಕೆಂಪಿಗೆ ಕಪ್ಪು ಬೆರೆಸಿದಳು, ಸಾಲಲಿಲ್ಲ. ಚೂರು ನೀಲಿ ಸೇರಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು, ನೆರಳಿಗೆ ಹಿಡಿದು, ಮಡಿಕೆಯ ಬಣ್ಣದಲ್ಲಿ ಇದು ಕರಗಿಹೋಗುವವರೆಗೂ ಬಿಡಲಿಲ್ಲ.

"ಸ್ಟೇರಿಂಗಿಗೂ ಒಂದ್ ಕೈ ಹಚ್ಚಿಬಿಡವಾ," ಎಂದಳು ಚಂಪಾಬಾಯಿ, ಉಮೇದಿನಲ್ಲಿ.

"ಅದನ್ನ ಮುಟ್ಟೂದಿಲ್ರಿ. ಬಣ್ಣಾ ಹಚ್ಚಿದ್ರ ಕೈ ಜಾರತೈತಿ. ನೀವು ಓಡಸಾವ್ರು."

ಮೊದಲು ಡ್ಯಾಶ್‌ಬೋರ್ಡಿನ ಮೇಲುಹಾಸಿಗೆ ಬಣ್ಣ ಹೊಡೆದು ಊಟಕ್ಕೆ ಕೂತಳು. ಹೊರಗೆ ಮಳೆ ಜಡಿಯುತ್ತಿತ್ತು. ಎದ್ದು ಬಂದು ನೋಡಿದರೆ ಬಣ್ಣದ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ ಬಿಳಿ ಮಂಕು ಕವಿದಿತ್ತು. ಪಾರ್ಶ್ವನೂ ಅದೇ ಹೊತ್ತಿಗೆ ಬಂದು ನಿಂತ.

"ಅವ್ವಾ, ನಾ ಮೊದಲ ಹೇಳಿದ್ನಿ. ಇವರ ಟೈಮೂ ಹಾಳು, ನಮ್ಮ ಟೈಮೂ ಹಾಳು."

ಶಿವಬಸವ್ವ ಬಗ್ಗಿ ಬಣ್ಣವನ್ನು ಹತ್ತಿರದಿಂದ ನೋಡಿದಳು. ಬೆಳಗಾವಿಯಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಬೆರಳಿನಿಂದ ಗೋಡೆ ಮುಟ್ಟಿದಳು, ತಣ್ಣಗೆ ಹಸಿ. ಮೂಟೆ ಮುಟ್ಟಿದಳು, ಅದೂ ಹಸಿ. ಅವಳಿಗೆ ಸಮಾಧಾನವಾಯಿತು.

"ಬಣ್ಣದ ತಪ್ಪಲ್ರಿ ಇದು, ಹವಾದ್ದು. ಒಣಾ ಜಾಗಾ ಒಂದು ಕೊಡ್ರಿ. ಇದನ್ನ ತಗದು ಮತ್ತ ಹೊಡೀತೀನಿ. ಅರ್ಧಾಕ್ಕ ಬಿಟ್ಟು ಹೋಗಾಕಿ ಅಲ್ಲ ನಾ."

ಪಾರ್ಶ್ವ ತಲೆ ಕೆರೆದುಕೊಂಡ. ಹುಡುಗ ಕೆಟ್ಟವನಲ್ಲ. ಅವನೇ ಯೋಚಿಸಿ, "ಹಿಂದ ಒಂದು ಹಳೇ ಖೋಲಿ ಐತ್ರಿ. ಮೊದಲ ಗೋಡಂಬಿ ಒಣಗಸತಿದ್ವಿ. ಈಗ ಖಾಲಿ ಬಿದ್ದೈತಿ, ಕರೆಂಟ್ ಹೀಟರ್ ಮಾತ್ರ ಇನ್ನೂ ನಡೀತಾವ," ಎಂದ.

ಆ ಕೋಣೆಯನ್ನು ಗುಡಿಸಿ, ಹೀಟರ್ ಹಚ್ಚಿ ಗೋಡೆಯ ಪಸೆ ಆರುವವರೆಗೆ ಕಾದರು. ಆಮೇಲೆ ಹೀಟರ್ ಆರಿಸಿ, ಗಾಳಿಗೆ ಕಿಂಡಿ ತೆಗೆದು, ಶಿವಬಸವ್ವ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮತ್ತೆ ಶುರು ಮಾಡಿದಳು. ಮಂಕಾದದ್ದನ್ನು ಒರೆಸಿ ತೆಗೆದು ಹೊಸ ಪದರ ಹಾಯಿಸಿದಳು. ಈ ಸಲ ಬಣ್ಣ ತಿಳಿಯಾಗಿ ಕೂತಿತು, ವಿನೈಲಿನ ಸಣ್ಣ ಗೆರೆಗಳೆಲ್ಲ ಕಾಣುವ ಹಾಗೆ. ಪಾರ್ಶ್ವ ಬಾಗಿಲ ಸಂದಿಯಿಂದ ಇಣುಕಿ ನೋಡಿ, ಅವಳಿಗೆ ಚಹಾ ತಂದಿಟ್ಟು ಹೋದ.

ಸೀಟು, ಬಾಗಿಲಿನ ಹಲಗೆಗಳೂ ಹಾಗೆಯೇ ಮುಗಿದವು. ಉಳಿದದ್ದು ಒಂದೇ. ಡ್ರೈವರ್ ಸೀಟಿನ ಅಂಚಿನ ಹೊಲಿಗೆ ಗೇಣುದ್ದ ಬಿಚ್ಚಿತ್ತು. ಬಣ್ಣದಿಂದ ಅದು ಮುಚ್ಚುವುದಿಲ್ಲ. ಯಂತ್ರಕ್ಕೆ ಕೊಟ್ಟರೆ ಹಳೆಯ ವಿನೈಲ್ ಹರಿಯುತ್ತದೆ. ಹಳೆಯ ತೂತುಗಳಲ್ಲೇ ಸೂಜಿ ಹಾಯಿಸಿ ಕೈಯಿಂದ ಹೊಲಿಯಬೇಕು. ಅಂಥ ಕೈ ಅವಳಿಗೆ ಗೊತ್ತಿದ್ದಂತೆ ಒಂದೇ ಇತ್ತು. ಗಂಡನಿಗೆ ಫೋನ್ ಹಚ್ಚಿದಳು.

"ಅಂಚು ಬಿಚ್ಚೈತಿ. ನನ್ನ ಕೈಲಿ ಆಗೂದಿಲ್ಲ ಇದು. ಬಾಗಿದ ಸೂಜಿ ತಗೊಂಡು ಬರ್ರಿ."

"ಬಣ್ಣಾ ಹಚ್ಚಿ ಮುಚ್ಚಿಬಿಡು," ಎಂದ ದುಂಡಪ್ಪ.

"ಮುಚ್ಚೂದು ನಿಮ್ಮ ಕೆಲಸ, ನನ್ನದಲ್ಲ. ಬರ್ತೀರೋ ಇಲ್ಲೋ?"

ಮರುದಿನ ಬೆಳಗ್ಗೆ ದುಂಡಪ್ಪ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದ. ಗೋದಾಮಿಗೆ ಬಂದವನು ಹೆಂಡತಿಯ ಮುಖ ನೋಡದೆ ನೇರವಾಗಿ ಸೀಟಿನ ಹತ್ತಿರ ಹೋದ. ಹಿಂಬದಿಯ ಮಡಿಕೆ ಬಿಡಿಸಿದ, ಮುಂದಿನ ಮೈ ನೋಡಿದ, ಮತ್ತೆ ಮಡಿಕೆ ನೋಡಿದ. ಹೆಬ್ಬೆರಳಿನಿಂದ ಒತ್ತಿ ಬಾಗಿಸಿದ, ಎಲ್ಲಿಯೂ ಬಿರುಕು ಏಳಲಿಲ್ಲ.

"ಹಳೇದ್ಯಾವ್ದು, ನಿಂದ್ಯಾವ್ದು?" ಎಂದು ಕೇಳಿದ.

"ನೀವ ಹೇಳ್ರಿ."

ಅವನಿಗೆ ಹೇಳಲಾಗಲಿಲ್ಲ. ಕನ್ನಡಕ ಏರಿಸಿಕೊಂಡು ನೆಲದ ಮೇಲೆ ಕೂತ. ಒಂದೊಂದೇ ಹಳೆಯ ತೂತು ಹುಡುಕುತ್ತ, ದಾರಕ್ಕೆ ಮೇಣ ಸವರಿ ಎಳೆಯುತ್ತ ಹೋದ. ಚಂಪಾಬಾಯಿ ಎದುರಿಗೆ ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಅಂಚು ಕೂಡಿತು. ದಾರದ ಮೇಲೆ ಶಿವಬಸವ್ವ ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸಿದಳು. ಹೊಲಿಗೆ ಎಲ್ಲಿ ಬಿಚ್ಚಿತ್ತೆಂಬುದು ಹೊಲಿದವನಿಗೇ ಗುರುತು ಸಿಗದಾಯಿತು.

"ಇಂಥಾ ಸೀಟಿಗೆ ನಾ ಕವರ್ ಹಾಕಿದ್ರ ಪಾಪ ಹತ್ತತಿತ್ತು ನೋಡು," ಎಂದ ದುಂಡಪ್ಪ ಮೆಲ್ಲಗೆ. ಅವಳು ಕುಂಚ ತೊಳೆಯುತ್ತ ಕೇಳಿಸಿಕೊಂಡಳು. ಮನಸ್ಸು ತುಂಬಿ ಬಂತು.

ಬಣ್ಣ ಪೂರ್ತಿ ಆರಲೆಂದು ಶಿವಬಸವ್ವ ಕಾರನ್ನು ಇನ್ನೂ ಕೆಲವು ದಿನ ಮುಟ್ಟಗೊಡಲಿಲ್ಲ. ಮಳೆ ನಿಂತು ಹೊಳವಾದ ಒಂದು ಮುಂಜಾನೆ ಚಂಪಾಬಾಯಿ ಬಿಳಿ ಸೀರೆಯುಟ್ಟು ಗಂಡ ಹೆಂಡತಿ ಇಬ್ಬರನ್ನೂ ಹಿಂದೆ ಕೂರಿಸಿಕೊಂಡಳು. ಮುಂದೆ ಪಕ್ಕದಲ್ಲಿ ಪಾರ್ಶ್ವ, ಅವನೂ ಬಿಳಿ ಬಟ್ಟೆಯಲ್ಲಿ. ಪೇಟೆ ದಾಟಿ ಮಲಪ್ರಭೆಯ ಸೇತುವೆಯವರೆಗೆ ಓಡಿಸಿದಳು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಇಳಿದು ಬೆನ್ನು ತಿರುಗಿಸಿ ನಿಂತು, "ನೋಡವಾ, ಏನರ ಹತ್ತೈತೇನು?" ಎಂದಳು.

"ಏನೂ ಇಲ್ರಿ," ಎಂದಳು ಶಿವಬಸವ್ವ. ಪಾರ್ಶ್ವ ತನ್ನ ಅಂಗಿಯನ್ನೂ ತಿರುವಿ ನೋಡಿಕೊಂಡು, ಮನೆಗೆ ಹೋಗುವಾಗ ತಾನು ಓಡಿಸುತ್ತೇನೆಂದು ಕೈಚಾಚಿದ. ಚಂಪಾಬಾಯಿ ಕೀಲಿ ಕೊಡಲಿಲ್ಲ.

ಈಗ ಆ ಅಂಗಡಿಯಲ್ಲಿ ಬೇರೆ ತರಹದ ಜಗಳ. ಮೊನ್ನೆ ಒಬ್ಬರು ಹಳೆಯ ಜೀಪು ತಂದು ಸೀಟಿಗೆ ಕವರ್ ಬೇಕೆಂದರು. ದುಂಡಪ್ಪ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇವಳ, ಬಾ ಇಲ್ಲಿ! ಚಲೋ ವಿನೈಲ್ ಐತಿ, ಕವರ್ ಯಾಕ? ನಿನ್ನ ಕೆಲಸಾ ಇದು," ಎಂದು ಕೂಗಿದ. ಶಿವಬಸವ್ವ ಕೈ ಒರೆಸಿಕೊಳ್ಳುತ್ತ ಬಂದು ಸೀಟಿನ ಕೆಳಗೆ ಕೈಹಾಕಿದಳು. "ಒಳಗ ಬಟ್ಟಿ ಪೂರಾ ಲಡ್ಡಾಗೈತ್ರಿ, ಮುಟ್ಟಿದ್ರ ಹರೀತೈತಿ. ಬಣ್ಣಾ ನಿಲ್ಲೂದಿಲ್ಲ. ಕವರ್ರ ಹಾಕ್ರಿ ಇದಕ್ಕ."

"ನಿಲ್ತೈತಿ ಅಂತೀನಿ ನಾ."

"ನಿಲ್ಲೂದಿಲ್ಲ ಅಂತೀನಿ ನಾ."

ಜೀಪಿನವರು ಅವರ ಮುಖ ಇವರ ಮುಖ ನೋಡಿ, ನಗುತ್ತ ಬೆಂಚಿನ ಮೇಲೆ ಕೂತುಕೊಂಡರು.