ಕರೆದರೂ ನಿಲ್ಲದ ಥ್ರೆಡ್ಡು

ನಮ್ಮ ಮನೆಯಲ್ಲಿ ಊಟಕ್ಕೆ ಕರೆದರೆ ಮೂರು ದಿಕ್ಕಿನಿಂದಲೂ "ಹಾಂ, ಬಂದೆ" ಎಂಬ ಉತ್ತರ ತಕ್ಷಣ ಬರುತ್ತದೆ. ಉತ್ತರಿಸಿದವರು ಮಾತ್ರ ಸಾರು ಆರಿದ ಮೇಲೆ ಬರುತ್ತಾರೆ. ಈ ಸೌಜನ್ಯಪೂರ್ವಕ ಅವಿಧೇಯತೆ ಮನುಷ್ಯರಿಗಷ್ಟೇ ಸೀಮಿತವೆಂದು, ಮೆಲ್ಕಾರಿನ ಕಾಲೇಜೊಂದರಲ್ಲಿ ಇಷ್ಟು ವರ್ಷ ಜಾವಾ ಪ್ರೋಗ್ರಾಮಿಂಗ್ ಕಲಿಸಿಯೂ ನಾನು ನಂಬಿದ್ದೆ. ಆ ನಂಬಿಕೆ ಕೆಡಿಸಿದವಳು ಫರಂಗಿಪೇಟೆಯ ಸಫ್ವಾನ.

ಮದುವೆ, ಎರಡು ಹೆರಿಗೆಗಳ ನಡುವೆ ನಿಂತುಹೋದ ಪದವಿಯನ್ನು ಮುಗಿಸಲು ಮರಳಿ ಬಂದವಳಾಕೆ. ಉಳಿದದ್ದು ಪ್ರಾಜೆಕ್ಟ್ ಒಂದೇ. ಬಿ.ಸಿ. ರೋಡಿನಿಂದ ಬೆಳ್ತಂಗಡಿಗೂ ಮೂಡುಬಿದಿರೆಗೂ ಹೊರಡುವ ಬಸ್ಸುಗಳ ಸಮಯ ತೋರಿಸುವ ಪ್ರೋಗ್ರಾಮ್ ಅದು. ಅದರೊಳಗೆ, ಮುಖ್ಯ ಕೆಲಸದ ಪಕ್ಕದಲ್ಲೇ ಸಾಗುವ ಥ್ರೆಡ್ ಎಂಬ ಇನ್ನೊಂದು ಕೆಲಸ ಆ ಸಮಯಗಳನ್ನು ಫೈಲಿಗೆ ಬರೆಯುತ್ತಿರುತ್ತದೆ. ಎರಡು ಗಂಟೆಗೆ ಮೂಡುಬಿದಿರೆಯಿಂದ ಪರೀಕ್ಷಕರು ಬರುವವರಿದ್ದರು. ಹನ್ನೊಂದೂವರೆಗೆ ಆಕೆ ಓಡಿ ಬಂದಳು.

"ಮೇಡಂ, ಮುಚ್ಚಿದ್ರೂ ಇದು ನಿಲ್ಲುದೇ ಇಲ್ಲ ಮಾರಾಯ್ರೆ! ಪುನಃ ತೆರೆದ್ರೆ ಫೈಲು ಬಳಕೆಯಲ್ಲಿ ಉಂಟು ಅಂತದೆ."

"ನಿಲ್ಲು ಅಂದದ್ದು ಅದಕ್ಕೆ ಕೇಳ್ತದಾ?"

"ಕೇಳ್ತದೆ. ಕೇಳಿ ಪುನಃ ಅದರ ಕೆಲಸಕ್ಕೇ ಹೋಗ್ತದೆ. ಥೇಟ್ ನಮ್ಮ ಮನೆಯವರ ಹಾಗೆ."

ನೋಡಿದರೆ, 'ನಿಲ್ಲು' ಎಂಬ ಆ ಕರೆಯನ್ನು ಸ್ವೀಕರಿಸಿ ಏನು ಮಾಡಬೇಕೆಂದು ಬರೆಯುವ ಜಾಗದಲ್ಲಿ, ಎರಡು ಬ್ರಾಕೆಟುಗಳ ನಡುವೆ, ಏನೂ ಇರಲಿಲ್ಲ.

"ಖಾಲಿ ಬಿಟ್ಟದ್ದು ಯಾಕೆ?"

"ನೀವೇ ಅಲ್ವಾ ಮೇಡಂ, 'ಸದ್ಯಕ್ಕೆ ಖಾಲಿ ಬಿಡು, ಮತ್ತೆ ನೋಡುವ' ಅಂದದ್ದು?"

ಹೌದು ಓದುಗರೇ, ತಪ್ಪು ತೋರಿಸುವ ಕೆಂಪು ಗೆರೆ ಮಾಯವಾದರೆ ಸಾಕೆಂದು ನಾನು ವರ್ಷಾನುವರ್ಷ ಹಂಚಿಕೊಂಡು ಬಂದ ಪ್ರಸಾದವದು. ಲಜ್ಜೆಯಿಂದ ಪಾರಾಗಲು ಥ್ರೆಡ್ಡಿನ ಕುತ್ತಿಗೆ ಹಿಡಿದೇ ನಿಲ್ಲಿಸಲು ನೋಡಿದೆ. ನಿಂತಿತು, ಆದರೆ ಬರೆಯುತ್ತಿದ್ದ ಸಾಲು ಅರ್ಧಕ್ಕೇ ತುಂಡಾಗಿ, ಮೂಡುಬಿದಿರೆಯ ಬಸ್ಸು ಫೈಲಿನಲ್ಲಿ "ಮೂಡು" ತನಕ ಮಾತ್ರ ಹೋಗಿತ್ತು.

ಊಟ ಬಿಟ್ಟು ಇಬ್ಬರೂ ಕೂತೆವು. ಕರೆ ಬಂದೊಡನೆ ಕೈಯಲ್ಲಿರುವ ಸಾಲು ಮುಗಿಸು, ಫೈಲು ಮುಚ್ಚು, ಆಮೇಲೆ ಹೊರಡು. ಅಲ್ಲಿಯವರೆಗೆ ಮುಖ್ಯ ಕೆಲಸ ಕಾಯಲಿ. ಇಷ್ಟನ್ನು ಆ ಖಾಲಿ ಜಾಗದಲ್ಲೂ ಅದರ ಆಸುಪಾಸಿನಲ್ಲೂ ಸಫ್ವಾನಳೇ ಬರೆದಳು.

ಪರೀಕ್ಷಕರು ಬಂದರು, ನೋಡಿದರು, ಮುಚ್ಚಿದರು. ಪ್ರೋಗ್ರಾಮ್ ಕ್ಷಣಕಾಲ ಪರದೆಯಿಂದ ಹೋಗಲಿಲ್ಲ. "ಯಾಕಮ್ಮ ತಡ?" ಎಂದರು.

"ಬರೀತಾ ಉಂಟು ಸರ್. ಮುಗಿಸಿ ಹೋಗ್ತದೆ," ಎಂದಳು ಸಫ್ವಾನ, ಮಗುವಿಗೆ ಕೈತುತ್ತು ಕೊಡುವಷ್ಟು ನಿಧಾನವಾಗಿ.

ಹೋಯಿತು. ಅವರು ಪುನಃ ತೆರೆದರು. ಕೊನೆಯ ಬಸ್ಸಿನ ಸಾಲು ಪೂರ್ತಿ ಇತ್ತು.

"ಒಳ್ಳೆದಾಯ್ತು. ಹೆಚ್ಚಿನವರು ಇಲ್ಲಿ ಖಾಲಿ ಬಿಡ್ತಾರೆ. ಯಾರು ಹೇಳಿಕೊಟ್ಟದ್ದು?"

"ನಮ್ಮ ಮೇಡಂ," ಎಂದಳು ಪುಣ್ಯಾತ್ಗಿತ್ತಿ.

ನನಗೆ ತಡೆಯಲಾಗಲಿಲ್ಲ. "ಖಾಲಿ ಬಿಡ್ಲಿಕ್ಕೆ ಹೇಳಿಕೊಟ್ಟದ್ದೂ ನಾನೇ ಸರ್."

ಅವರು ಪೆನ್ನಿನ ಮುಚ್ಚಳ ತೆಗೆಯುತ್ತಾ ನಕ್ಕರು. "ನಮ್ಮ ಕಾಲೇಜಲ್ಲಿ ನಾನೂ ಹಾಗೇ ಹೇಳುದು ಮೇಡಂ," ಎಂದು ಅವಳ ಪ್ರಾಜೆಕ್ಟ್ ಪುಸ್ತಕಕ್ಕೆ ಸಹಿ ಹಾಕಿದರು.